ಊರು ಬಿಟ್ಟವನ ಚೆಂಡಾಟ



ಬ್ರಹ್ಮಗಿರಿಯ ಅಶೋಕ ಶಾಸನ, ಜಟಿಂಗ ರಾಮೇಶ್ವರದ ಬೆಟ್ಟ, ಅಮೃತಮಹಲ್ ಕಾವಲು ಎಂದು ನಾನು ಬರೆದದ್ದನ್ನೇ ಬರೆಯುತ್ತಿದ್ದೇನೆಂಬ ದೂರು ಬಂದಿದೆ. "ಮೇಷ್ಟ್ರೇ, ಕಲ್ಲುಗಳನ್ನು ಸ್ವಲ್ಪ ದಿನ ಬಿಡಿ, ಬದುಕಿರುವವರ ಬಗ್ಗೆ ಬರೆಯಿರಿ" ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಗದರಿದಳು. ಅವಳ ಮಾತಿಗೆ ಕಟ್ಟುಬಿದ್ದು ಈ ಸಲ ನನ್ನ ಅಧಿಕಾರವೇ ಇಲ್ಲದ ಒಂದು ವಿಷಯಕ್ಕೆ ಕೈಹಾಕಿದ್ದೇನೆ. ಬ್ಯಾಸ್ಕೆಟ್‌ಬಾಲ್ ಎಂಬ ಆಟವನ್ನು ನಾನು ಒಂದು ದಿನವೂ ಆಡಿದವನಲ್ಲ. ಆದರೆ ಆ ಆಟದ ಮೂಲಕ ಒಂದು ದೇಶದ ಚರಿತ್ರೆ ನನ್ನ ಮನೆಯ ಪಡಸಾಲೆಗೆ ಬಂದು ಕುಳಿತ ಬಗೆಯನ್ನು ಹೇಳದಿದ್ದರೆ ಸಮಾಧಾನವಿಲ್ಲ.

2024ರ ಜುಲೈ 28, ಭಾನುವಾರ. ನನ್ನ ತಂಗಿಯ ಮೊಮ್ಮಗ ಮೊಳಕಾಲ್ಮೂರಿನಿಂದ ಬಂದಿದ್ದ. ಊಟವಾದ ಮೇಲೆ ಮೊಬೈಲಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನೋಡುತ್ತಿದ್ದವನು, "ತಾತ, ಇಲ್ಲಿ ನೋಡು, ಇವರಿಗೆ ಬೇರೆ ಯಾರದೋ ದೇಶದ ರಾಷ್ಟ್ರಗೀತೆ ಹಾಕಿಬಿಟ್ಟಿದ್ದಾರೆ" ಎಂದು ನಗುತ್ತಾ ಕರೆದ. ಹೋಗಿ ನೋಡಿದೆ. ತಾಳೆಮರದಂಥ ಎತ್ತರದ ಹನ್ನೆರಡು ಮಂದಿ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು. ಅವರು ದಕ್ಷಿಣ ಸುಡಾನಿನವರು. ಧ್ವನಿವರ್ಧಕದಿಂದ ಬರುತ್ತಿದ್ದುದು ಸುಡಾನಿನ ರಾಷ್ಟ್ರಗೀತೆ. ಯಾವ ದೇಶದಿಂದ ಬಿಡಿಸಿಕೊಳ್ಳಲು ಇವರ ತಂದೆ ತಾತಂದಿರು ಎರಡು ಯುದ್ಧಗಳನ್ನು ಹೋರಾಡಿದರೋ, ಅದೇ ದೇಶದ ಗೀತೆ. ಕೆಲವು ನಿಮಿಷಗಳಲ್ಲಿ ತಪ್ಪು ತಿಳಿದು ಸರಿಯಾದ ಗೀತೆಯನ್ನು ಹಾಕಿದಾಗ ಸಭಿಕರೆಲ್ಲ ಚಪ್ಪಾಳೆ ತಟ್ಟಿದರು. ಆಟ ಮುಗಿದಾಗ ಆ ಹುಡುಗರು ಪೋರ್ಟೊರಿಕೋ ತಂಡವನ್ನು 90-79ರಿಂದ ಸೋಲಿಸಿದ್ದರು. ಒಲಿಂಪಿಕ್ಸ್‌ನಲ್ಲಿ ಅವರ ತಂಡದ ಮೊದಲ ಪಂದ್ಯ, ಮೊದಲ ಗೆಲುವು.

ಹುಡುಗ ನಕ್ಕದ್ದು ಸಹಜ. ನನಗೆ ಮಾತ್ರ ನಗು ಬರಲಿಲ್ಲ. ಪಕ್ಕದಲ್ಲಿ ಸೂಟು ಹಾಕಿ ನಿಂತಿದ್ದ ಇನ್ನೊಬ್ಬ ಎತ್ತರದ ಮನುಷ್ಯ ಯಾರೆಂದು ಕೇಳಿದೆ. "ಅವರು ಲುವಾಲ್ ಡೆಂಗ್ ತಾತ, ದೊಡ್ಡ ಆಟಗಾರ, ಎನ್‌ಬಿಎದಲ್ಲಿ ಆಡುತ್ತಿದ್ದರು. ಈ ಟೀಮನ್ನು ಸ್ವಂತ ದುಡ್ಡಿನಲ್ಲಿ ಕಟ್ಟಿದವರು" ಎಂದ. ಅಂದಿನಿಂದ ಆರಂಭವಾದ ನನ್ನ ಓದಿನ ಫಲವೇ ಈ ಬರಹ.

ಲುವಾಲ್ ಡೆಂಗ್ ಹುಟ್ಟಿದ್ದು 1985ರ ಏಪ್ರಿಲ್ 16ರಂದು, ಜುರ್ ನದಿಯ ಬಳಿಯ ವಾವ್ ಎಂಬ ಪಟ್ಟಣದಲ್ಲಿ. ಅಂದು ಅದು ಸುಡಾನ್. ಇಂದು ದಕ್ಷಿಣ ಸುಡಾನ್. ಅವನದು ಡಿಂಕಾ ಜನಾಂಗ. ಡಿಂಕಾಗಳ ವಿಷಯ ಓದುತ್ತಾ ಹೋದಂತೆ ನನಗೆ ಆಫ್ರಿಕಾ ಮರೆತು ನಮ್ಮ ಚಳ್ಳಕೆರೆಯ ಹಟ್ಟಿಗಳೇ ನೆನಪಾಗತೊಡಗಿದವು. ಅವರ ಬದುಕೆಲ್ಲ ದನಗಳ ಸುತ್ತ. ಬೇಸಿಗೆಯಲ್ಲಿ ನದಿಯ ಹುಲ್ಲುಗಾವಲಿನಲ್ಲಿ ದನಗಳ ಬೀಡು ಬಿಡುತ್ತಾರೆ. ಪ್ರಾಯಕ್ಕೆ ಬಂದ ಹುಡುಗನಿಗೆ ಒಂದು ಎತ್ತು ಕೊಡುತ್ತಾರೆ. ಆ ಎತ್ತಿನ ಬಣ್ಣದಿಂದಲೇ ಅವನಿಗೊಂದು ಹೆಸರು ಬರುತ್ತದೆ. ಅದರ ಕೊಂಬನ್ನೂ ನಡಿಗೆಯನ್ನೂ ಹೊಗಳಿ ಅವನು ಹಾಡು ಕಟ್ಟುತ್ತಾನೆ. ಮದುವೆಯ ತೆರ ದನಗಳ ಲೆಕ್ಕದಲ್ಲಿ. ನಮ್ಮ ಮ್ಯಾಸನಾಯಕರ ದೇವರ ಎತ್ತುಗಳನ್ನು ನೋಡಿದವರಿಗೆ ಇದು ಹೊಸದೇ? ಹೆಗಲಿಗೆ ನೊಗ ಕಾಣದ ಆ ಎತ್ತುಗಳು, ಅವುಗಳ ಹಿಂದೆ ಅಡವಿಯಲ್ಲೇ ಬದುಕು ಕಳೆಯುವ ಕಿಲಾರಿಗಳು, ಎತ್ತು ಸತ್ತರೆ ಮನುಷ್ಯರಿಗೆ ಮಾಡುವಂತೆ ಮಾಡುವ ಮಣ್ಣು. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪರ ಹಾಡುಗಳನ್ನು ಕೇಳಿ ಬೆಳೆದವರು ನಿಮ್ಮಲ್ಲೇ ಎಷ್ಟು ಜನರಿಲ್ಲ! ವಾವ್ ಪಟ್ಟಣದ ಹೊರಗೆ ನಿಮ್ಮನ್ನು ಬಿಟ್ಟರೆ ಭಾಷೆ ತಿಳಿಯದಿದ್ದರೂ ಬದುಕು ತಿಳಿದೀತು.

ಈ ದನಗಾಹಿಗಳಿಗೂ ಅಮೆರಿಕದ ಚೆಂಡಾಟಕ್ಕೂ ನಂಟು ಬೆಸೆದವನು ಡೆಂಗ್ ಅಲ್ಲ, ಅವನಿಗಿಂತ ಹಿರಿಯನಾದ ಮನೂಟೆ ಬೋಲ್. ಏಳು ಅಡಿ ಏಳು ಅಂಗುಲ ಎತ್ತರದ ಈ ಡಿಂಕಾ ದನಗಾಹಿ 1985ರಲ್ಲಿ, ಎಂದರೆ ಡೆಂಗ್ ಹುಟ್ಟಿದ ವರ್ಷವೇ, ವಾಷಿಂಗ್ಟನ್ ತಂಡ ಸೇರಿ ಸುಮಾರು ಹತ್ತು ವರ್ಷ ಎನ್‌ಬಿಎದಲ್ಲಿ ಆಡಿದ. ದನ ಕಾಯುವಾಗ ಭರ್ಜಿಯಿಂದ ಸಿಂಹವನ್ನು ಕೊಂದಿದ್ದೆನೆಂದು ಅವನೇ ಹೇಳಿಕೊಳ್ಳುತ್ತಿದ್ದ. ಹುಲಿಯೊಡನೆ ಹೋರಾಡಿದ ಗಾದರಿಪಾಲನಾಯಕನ ಕಥೆ ಕೇಳಿದ ನಮಗೆ ಅದನ್ನು ಅನುಮಾನಿಸುವ ಹಕ್ಕಿಲ್ಲ. ನನಗೆ ಬೋಲ್ ದೊಡ್ಡವನಾಗಿ ಕಂಡದ್ದು ಬೇರೆ ಕಾರಣಕ್ಕೆ. ಆಟದಿಂದ ಬಂದ ಹಣದ ಬಹುಭಾಗವನ್ನು ಅವನು ಯುದ್ಧದಿಂದ ನಿರ್ಗತಿಕರಾದ ತನ್ನ ಜನರಿಗೆ ಸುರಿದುಬಿಟ್ಟ. ಕೊನೆಗೆ ಕೈ ಬರಿದಾದಾಗ, ದೂರದರ್ಶನದ ಮುಷ್ಟಿಯುದ್ಧದಂಥ ನಗೆಪಾಟಲಿನ ಪ್ರದರ್ಶನಗಳಲ್ಲೂ ನಿಂತು, ಬಂದ ಹಣವನ್ನು ಸುಡಾನಿನ ಮಕ್ಕಳಿಗೆ ಕಳಿಸಿದ. ಜನ ನಕ್ಕರು, ಅವನು ಲೆಕ್ಕಿಸಲಿಲ್ಲ. 2010ರ ಜೂನ್ 19ರಂದು ತೀರಿಕೊಂಡಾಗ ಅವನಿಗೆ 47 ವರ್ಷ. ತನ್ನ ನಾಡು ಸ್ವತಂತ್ರವಾಗುವುದನ್ನು ನೋಡಲು ಇನ್ನೊಂದು ವರ್ಷ ಬದುಕಬೇಕಿತ್ತು.

ಯುದ್ಧದ ವಿಷಯ ಬಂದಿತು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಸ್ವಲ್ಪ ಪಾಠ ಮಾಡದೆ ಇರಲಾರೆ, ಸಹಿಸಿಕೊಳ್ಳಿ. ಸುಡಾನನ್ನು 1899ರಿಂದ ಬ್ರಿಟನ್ನು ಈಜಿಪ್ಟಿನ ಹೆಸರನ್ನೂ ಜೊತೆಗಿಟ್ಟುಕೊಂಡು ಆಳಿತು. ಉತ್ತರದಲ್ಲಿ ಅರಬ್ಬಿ ಭಾಷೆ, ಇಸ್ಲಾಂ. ದಕ್ಷಿಣದಲ್ಲಿ ಡಿಂಕಾ, ನುಯೆರ್ ಮೊದಲಾದ ಹತ್ತಾರು ಜನಾಂಗಗಳು, ಅವರ ಕುಲದೈವಗಳು, ಕ್ರೈಸ್ತ ಮಿಷನ್ನುಗಳು. ಎರಡನ್ನೂ ದಶಕಗಳ ಕಾಲ ಬೇರೆಬೇರೆಯಾಗಿ ಆಳಿ, ಹೊರಡುವಾಗ ಒಂದೇ ಗಂಟು ಕಟ್ಟಿ ಖಾರ್ಟೂಮಿನ ಕೈಗೆ ಕೊಟ್ಟರು. ಅಲ್ಲಿನ ಮೊದಲ ಚುನಾವಣೆಯನ್ನು 1953ರಲ್ಲಿ ನಡೆಸಿಕೊಟ್ಟ ಆಯೋಗದ ಮುಖ್ಯಸ್ಥರು ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಎಂಬುದು ನಮ್ಮ ಪಠ್ಯಗಳಲ್ಲಿ ಬಾರದ ಸಂಗತಿ. ಮತಪೆಟ್ಟಿಗೆ ಸರಿಯಾಗಿತ್ತು, ಗಂಟು ಸರಿಯಿರಲಿಲ್ಲ. 1956ರ ಜನವರಿ 1ರಂದು ಸ್ವಾತಂತ್ರ್ಯ ಬರುವ ಮೊದಲೇ, 1955ರಲ್ಲಿ, ದಕ್ಷಿಣದಲ್ಲಿ ದಂಗೆಯೆದ್ದಿತ್ತು. ಆ ಯುದ್ಧ 1972ರವರೆಗೆ. ಹನ್ನೊಂದು ವರ್ಷ ಉಸಿರಾಡಿ 1983ರಲ್ಲಿ ಮತ್ತೆ ಆರಂಭವಾದದ್ದು 2005ರವರೆಗೆ ನಡೆಯಿತು. ಈ ಎರಡನೆಯದರಲ್ಲಿ, ಹಸಿವು ರೋಗಗಳೂ ಸೇರಿ, ಸತ್ತವರು ಸುಮಾರು ಇಪ್ಪತ್ತು ಲಕ್ಷ ಎಂದು ಅಂದಾಜು. ಎರಡು ಇಪ್ಪತ್ತರಷ್ಟು ಜನ ಊರು ಬಿಟ್ಟರು.

ಊರು ಬಿಟ್ಟವರಲ್ಲಿ ಡೆಂಗ್ ಕುಟುಂಬವೂ ಒಂದು. ತಂದೆ ಆಲ್ಡೋ ಡೆಂಗ್ ಸಂಸತ್ತಿನ ಸದಸ್ಯರಾಗಿದ್ದವರು. ಮಕ್ಕಳನ್ನು ಯುದ್ಧದಿಂದ ದೂರವಿಡಲು ಈಜಿಪ್ಟಿಗೆ ಸಾಗಿಸಿದರು. ಅಲ್ಲಿ ಸಿಕ್ಕವನೇ ಮನೂಟೆ ಬೋಲ್. ಲುವಾಲನ ಅಣ್ಣ ಅಜೂನಿಗೆ ಬೋಲ್ ಚೆಂಡು ಹಿಡಿಯುವುದನ್ನು ಕಲಿಸಿದ. ತಮ್ಮ ನೋಡಿ ಕಲಿತ. ಮುಂದೆ ಬ್ರಿಟನ್ನಿನಲ್ಲಿ ರಾಜಕೀಯ ಆಶ್ರಯ ದೊರೆತು ಕುಟುಂಬ ದಕ್ಷಿಣ ಲಂಡನ್ನಿನ ಸೌತ್ ನಾರ್‌ವುಡ್ ಎಂಬಲ್ಲಿ ನೆಲೆಸಿತು. ಮಂತ್ರಿಮಹೋದಯರ ನಡುವೆ ಓಡಾಡಿದ್ದ ಮನೆತನ ಪರದೇಶದಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಯಿತು.

ಇಲ್ಲೊಂದು ಮಾತು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಹೊಸತಲ್ಲ. ಶೇಂಗಾ ಒಣಗಿದರೆ ಬೆಂಗಳೂರಿಗೋ ಕಾಫಿ ಸೀಮೆಗೋ ಹೊರಡುವ ಕುಟುಂಬಗಳ ಮಕ್ಕಳು ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರಾಗುತ್ತಿದ್ದುದನ್ನು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಆದರೆ ಗುಳೆ ಹೋದವನಿಗೆ ಹಿಂದೆ ಒಂದು ಬೀಗ ಹಾಕಿದ ಮನೆಯಿರುತ್ತದೆ. ನಿರಾಶ್ರಿತನಿಗೆ ಬೀಗದ ಕೈ ಮಾತ್ರ ಇರುತ್ತದೆ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಪೇಟೆಗಳಿಗೆ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿನವರನ್ನು ನೀವೆಲ್ಲ ನೋಡಿದ್ದೀರಿ. ಬೈಲಕುಪ್ಪೆಯಲ್ಲಿ 1960ರ ಹೊತ್ತಿಗೆ ಆರಂಭವಾದ ಅವರ ನೆಲೆ 1966ರಲ್ಲಿ ಮುಂಡಗೋಡಿಗೂ ಹಬ್ಬಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದ್ದ ನಮ್ಮ ಎಸ್. ನಿಜಲಿಂಗಪ್ಪನವರು. ನೆಲ ಕೊಟ್ಟ ಜಿಲ್ಲೆಯ ಹಿರಿಯರ ಬಗ್ಗೆ ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಸ್ವೆಟರ್ ಚೌಕಾಶಿ ಮಾಡುವಾಗ ಆ ಹೆಂಗಸಿಗೆ ಊರು ಯಾವುದು ತಾಯಿ ಎಂದು ಒಂದು ಸಲವೂ ಕೇಳಲಿಲ್ಲ.

ಲಂಡನ್ನಿನಲ್ಲಿ ಲುವಾಲ್ ಹುಡುಗನಿಗೆ ಮೊದಲು ಹಿಡಿಸಿದ್ದು ಫುಟ್‌ಬಾಲ್. ಎರಡೂ ಆಟಗಳಲ್ಲಿ ಇಂಗ್ಲೆಂಡಿನ ಹದಿನೈದರ ಒಳಗಿನವರ ತಂಡಕ್ಕೆ ಅವನಿಗೆ ಕರೆ ಬಂದಿತ್ತು. ಬ್ರಿಕ್ಸ್‌ಟನ್ನಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಜಿಮ್ಮಿ ರೋಜರ್ಸ್ ಎಂಬ ತರಬೇತುದಾರರು ಬಡವರ, ವಲಸಿಗರ ಮಕ್ಕಳನ್ನು ಕೂಡಿಸಿಕೊಂಡು ಆಡಿಸುತ್ತಿದ್ದರು. ಅಂಥವರು ಎಲ್ಲ ಊರಿನಲ್ಲೂ ಒಬ್ಬರಿರುತ್ತಾರೆ. ಅವರ ಬಗ್ಗೆ ಮುಂದೆ ಹೇಳುತ್ತೇನೆ. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ಅಪ್ಪ ಅಮ್ಮನನ್ನು ಲಂಡನ್ನಿನಲ್ಲಿ ಬಿಟ್ಟು ಅಮೆರಿಕದ ನ್ಯೂಜೆರ್ಸಿಯ ಬ್ಲೇರ್ ಅಕಾಡೆಮಿ ಎಂಬ ವಸತಿ ಶಾಲೆಗೆ ಹೋದ. ಅಷ್ಟರಲ್ಲಿ ಅವನಿಗದು ನಾಲ್ಕನೆಯ ದೇಶ. ಶಾಲೆ ಮುಗಿಸುವಾಗ, ಅಮೆರಿಕದ ಶಾಲಾ ಆಟಗಾರರಲ್ಲಿ ಲೆಬ್ರಾನ್ ಜೇಮ್ಸ್‌ನ ನಂತರದ ಹೆಸರು ಇವನದೇ ಎನ್ನುವಷ್ಟು ಬೆಳೆದಿದ್ದ. 2003-04ರಲ್ಲಿ ಒಂದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆಡಿ, ತಂಡವನ್ನು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕರ ಘಟ್ಟಕ್ಕೆ ತಲುಪಿಸಲು ನೆರವಾಗಿ, ವೃತ್ತಿಪರ ಆಟಕ್ಕೆ ಇಳಿದ.

ಎನ್‌ಬಿಎದಲ್ಲಿ ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 2004ರಲ್ಲಿ ಏಳನೆಯವನಾಗಿ ಫೀನಿಕ್ಸ್ ತಂಡದ ಹೆಸರಿನಲ್ಲಿ ಆಯ್ಕೆಯಾದ ಡೆಂಗ್ ಅಂದೇ ಶಿಕಾಗೋ ಬುಲ್ಸ್‌ಗೆ ವರ್ಗವಾದ. ಮೈಕೇಲ್ ಜೋರ್ಡನ್ 1998ರಲ್ಲಿ ಬಿಟ್ಟುಹೋದ ಮೇಲೆ ಆ ತಂಡ ನೀರಿಲ್ಲದ ಕೆರೆಯಂತಾಗಿತ್ತು. ಡೆಂಗ್ ಬಂದ ಮೊದಲ ವರ್ಷವೇ ಮತ್ತೆ ಪ್ಲೇಆಫ್ ಮುಟ್ಟಿತು. 2007ರಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಯಾಮಿಯನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಅದೇ ವರ್ಷ ಡೆಂಗ್‌ಗೆ ಕ್ರೀಡಾಮನೋಭಾವಕ್ಕಾಗಿ ಕೊಡುವ ಪ್ರಶಸ್ತಿಯೂ ಬಂತು. 2008ರ ಒಪ್ಪಂದ ಆರು ವರ್ಷಕ್ಕೆ 7 ಕೋಟಿ 10 ಲಕ್ಷ ಡಾಲರ್. ನನ್ನ ಇಡೀ ಸೇವಾವಧಿಯ ಸಂಬಳವನ್ನು ಕೂಡಿಸಿದರೆ ಅವನ ಒಂದು ವಾರದ ಲೆಕ್ಕಕ್ಕೆ ಬಂದೀತೇ ಎಂದು ಕಾಗದದ ಮೇಲೆ ಹಾಕಿ ನೋಡಿ, ಕಾಗದ ಹರಿದುಹಾಕಿದೆ.

ಅವನು ಮಿಂಚಿನ ಆಟಗಾರನಲ್ಲವಂತೆ. ಮೊಮ್ಮಗ ತೋರಿಸಿದ ಹಳೆಯ ಪಂದ್ಯಗಳ ತುಣುಕುಗಳಲ್ಲಿ ನನಗೆ ಕಂಡದ್ದು ಎದುರಾಳಿಯ ಅತಿ ದೊಡ್ಡ ಆಟಗಾರನ ಬೆನ್ನು ಬಿಡದೆ ಓಡುವ, ಯಾರಿಗೂ ಕಾಣದ ಕೆಲಸವನ್ನು ತಲೆಬಗ್ಗಿಸಿ ಮಾಡುವ ಒಬ್ಬ ಮನುಷ್ಯ. 2011-12, 2012-13, ಎರಡೂ ಋತುಗಳಲ್ಲಿ ಇಡೀ ಎನ್‌ಬಿಎದಲ್ಲಿ ಪಂದ್ಯವೊಂದಕ್ಕೆ ಸರಾಸರಿ ಅತಿ ಹೆಚ್ಚು ನಿಮಿಷ ಅಂಕಣದಲ್ಲಿದ್ದವನು ಅವನೇ. 48 ನಿಮಿಷಗಳ ಆಟದಲ್ಲಿ 39 ನಿಮಿಷದ ಆಸುಪಾಸು. ಅದೇ ಎರಡು ವರ್ಷ ಆಲ್‌ಸ್ಟಾರ್ ಗೌರವವೂ ಸಿಕ್ಕಿತು. ಎಡ ಮಣಿಕಟ್ಟಿನ ಅಸ್ಥಿರಜ್ಜು ಹರಿದಿದ್ದರೂ ಶಸ್ತ್ರಚಿಕಿತ್ಸೆ ಮುಂದೂಡಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಪರವಾಗಿ ಆಡಿದ. ಆಶ್ರಯ ಕೊಟ್ಟ ಊರಿನ ಋಣ ಅದು. ಸ್ಪೇನಿನ ಎದುರು 79-78ರಲ್ಲಿ, ಒಂದೇ ಅಂಕದಲ್ಲಿ ಸೋತರು, ಚೀನಾದ ಮೇಲೆ ಗೆದ್ದರು, ಅಷ್ಟೇ. 2013ರ ಪ್ಲೇಆಫ್ ಹೊತ್ತಿಗೆ ಮೆದುಳು ಜ್ವರದ ಶಂಕೆಯಿಂದ ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದರು. ಅದರಿಂದ ತೊಡಕುಂಟಾಗಿ ಆಸ್ಪತ್ರೆಯಲ್ಲಿ ನಿತ್ರಾಣನಾಗಿ ಮಲಗಿದ. ಮರುವರ್ಷ ಜನವರಿಯಲ್ಲಿ ಬುಲ್ಸ್ ಅವನನ್ನು ಕ್ಲೀವ್‌ಲ್ಯಾಂಡಿಗೆ ಕಳಿಸಿತು. ಹತ್ತು ವರ್ಷ ದುಡಿದ ಎತ್ತನ್ನು ಸಂತೆಗೆ ಹೊಡೆದಂತೆ ಎಂದು ನನಗನಿಸಿತು. ಮೊಮ್ಮಗನ ಪ್ರಕಾರ ನಾನು ವೃತ್ತಿಪರ ಕ್ರೀಡೆ ತಿಳಿಯದವನು. ಇರಬಹುದು.

ಮಯಾಮಿಯ ಎರಡು ವರ್ಷ, ಲೇಕರ್ಸ್‌ನ ಭಾರೀ ಒಪ್ಪಂದ, ಅಲ್ಲಿ ಒಂದು ಇಡೀ ಋತುವಿನಲ್ಲಿ ಒಂದೇ ಪಂದ್ಯ ಆಡಿಸಿ ಬೆಂಚಿನ ಮೇಲೆ ಕೂರಿಸಿದ್ದು, ಮಿನೆಸೋಟದ ಕೊನೆಯ ಕೆಲವು ಪಂದ್ಯಗಳು, ಇವನ್ನು ಬೆಳೆಸುವುದಿಲ್ಲ. 2019ರ ಅಕ್ಟೋಬರಿನಲ್ಲಿ ಶಿಕಾಗೋದವನಾಗಿಯೇ ನಿವೃತ್ತನಾದ. ಆದರೆ 2014ರ ಒಂದು ಘಟನೆಯನ್ನು ಬಿಟ್ಟು ಹೋಗಲಾರೆ.

ಆ ವರ್ಷ ಡೆಂಗ್‌ನನ್ನು ಕೊಳ್ಳಬಹುದೇ ಎಂದು ಅಟ್ಲಾಂಟಾ ತಂಡದವರು ದೂರವಾಣಿಯಲ್ಲಿ ಚರ್ಚಿಸುವಾಗ, ಆಡಳಿತಗಾರರೊಬ್ಬರು ಯಾರೋ ಬರೆದ ಟಿಪ್ಪಣಿಯನ್ನು ಓದಿ ಹೇಳಿದರು: ಇವನು ಒಳ್ಳೆಯವನೇ, ಆದರೆ ಇವನೊಳಗೆ ಸ್ವಲ್ಪ ಆಫ್ರಿಕಾ ಇದೆ, ಮುಂದೆ ಚೆಂದದ ಅಂಗಡಿ, ಹಿಂದೆ ಖೋಟಾ ಮಾಲು. ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು. ಡೆಂಗ್ ಕೂಗಾಡಲಿಲ್ಲ. ಸ್ವಲ್ಪವಲ್ಲ, ತನ್ನೊಳಗೆ ಬಹಳಷ್ಟು ಆಫ್ರಿಕಾ ಇದೆ, ಅದೇ ತನ್ನ ಹೆಮ್ಮೆ ಎಂಬರ್ಥದ ಒಂದು ಹೇಳಿಕೆ ಕೊಟ್ಟು ಆಟಕ್ಕೆ ಹೋದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಆ ಟಿಪ್ಪಣಿ ಬರೆದವನಿಗೂ ನನಗೂ ದೂರ ಬಹಳವಿಲ್ಲ. ಎಷ್ಟೋ ವರ್ಷ ನಾನು ಗೋಡೆಗೆ ಭೂಪಟ ತೂಗುಹಾಕಿ, ಕೋಲಿನಿಂದ ಆಫ್ರಿಕಾವನ್ನು ತೋರಿಸಿ, "ಇದು ಕಗ್ಗತ್ತಲೆಯ ಖಂಡ" ಎಂದು ಶುರುಮಾಡುತ್ತಿದ್ದೆ. ನಾನು ಓದಿದ ಪುಸ್ತಕದಲ್ಲಿ ಹಾಗಿತ್ತು, ಬಿ.ಎಡ್. ಪಾಠ ಟಿಪ್ಪಣಿಯಲ್ಲೂ ಹಾಗೇ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಸುಡಾನ್ ಎಂದರೆ ನೈಲ್ ನದಿ, ಗೆಜಿರಾದ ಹತ್ತಿ, ರಾಜಧಾನಿ ಖಾರ್ಟೂಮ್. ಬಿಟ್ಟ ಸ್ಥಳ ತುಂಬಿರಿ, ಒಂದು ಅಂಕ. ಅತ್ತ ಲುವಾಲ್ ಡೆಂಗ್ ಈಜಿಪ್ಟಿನಲ್ಲಿ ಬ್ರಿಟನ್ನಿನ ಕಾಗದಕ್ಕೆ ಕಾಯುತ್ತಿದ್ದ ವರ್ಷಗಳಲ್ಲಿ ಇತ್ತ ನಾನು ನಿಮಗೆ ಮಾಡುತ್ತಿದ್ದ ಪಾಠ ಇದು. ಅಲ್ಲಿ ಯುದ್ಧ ನಡೆದಿದೆ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಪತ್ರಿಕೆಯ ಒಳಪುಟದಲ್ಲಿ ಬರುತ್ತಿತ್ತು, ನಾನು ಓದುತ್ತಿದ್ದೆ.

2011ರ ಜನವರಿಯ ಜನಮತಗಣನೆಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಜನ ಬೇರೆಯಾಗಲು ಮತ ಹಾಕಿ, ಜುಲೈ 9ರಂದು ದಕ್ಷಿಣ ಸುಡಾನ್ ಹುಟ್ಟಿತು. ಎರಡೂವರೆ ವರ್ಷದಲ್ಲಿ, 2013ರ ಡಿಸೆಂಬರಿನಲ್ಲಿ, ಬಿಡಿಸಿಕೊಂಡವರೇ ತಮ್ಮೊಳಗೆ ಹೊಡೆದಾಡತೊಡಗಿದರು. ಡಿಂಕಾ ಅಧ್ಯಕ್ಷ, ನುಯೆರ್ ಮಾಜಿ ಉಪಾಧ್ಯಕ್ಷ, ಇಬ್ಬರ ಹಿಂದೆ ಬಂದೂಕುಗಳು. 2018ರಲ್ಲಿ ಒಪ್ಪಂದವಾಯಿತಾದರೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೆರೆದೇಶಗಳ ಶಿಬಿರಗಳಲ್ಲೇ ಉಳಿದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ನಮ್ಮ ಸೈನಿಕರೂ ಅಲ್ಲಿದ್ದಾರೆ. 2013ರ ಏಪ್ರಿಲಿನಲ್ಲಿ ಜೋಂಗ್ಲೆಯಿ ಪ್ರಾಂತದಲ್ಲಿ ಹೊಂಚುದಾಳಿಗೆ ಸಿಕ್ಕಿ ಐವರು ಭಾರತೀಯ ಯೋಧರು ಮಡಿದರು.

ಇಂಥ ದೇಶದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಗೆ ಡೆಂಗ್ 2019ರ ನವೆಂಬರಿನಲ್ಲಿ ಅಧ್ಯಕ್ಷನಾದ. ಸಂಸ್ಥೆಗೆ ಹಣವಿಲ್ಲ, ದೇಶದಲ್ಲಿ ಸೂರಿರುವ ಒಂದು ಅಂಕಣವೂ ಇಲ್ಲ. ಆಟಗಾರರ ವಿಮಾನ, ಹೋಟೆಲು, ಅಭ್ಯಾಸದ ಅಂಕಣದ ಬಾಡಿಗೆ, ಎಲ್ಲಕ್ಕೂ ಸ್ವಂತ ಕೈಯಿಂದ ಸುರಿದ. ಆಟಗಾರರನ್ನು ಎಲ್ಲಿಂದ ತರುವುದು? ಯುದ್ಧ ಚೆದುರಿಸಿದ ಕಡೆಯಿಂದಲೇ. ಖಾರ್ಟೂಮಿನಲ್ಲಿ ಹುಟ್ಟಿ ಈಜಿಪ್ಟಿನ ಮೂಲಕ ಅಮೆರಿಕಕ್ಕೆ ಹೋದ ವೆನ್ಯೆನ್ ಗೇಬ್ರಿಯಲ್, ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ನೂನಿ ಓಮೊಟ್, ಉಗಾಂಡದಲ್ಲಿ ಬೆಳೆದ ಖಮಾನ್ ಮಲುವಾಚ್. ಸಂತೆಯ ಗದ್ದಲದಲ್ಲಿ ಚೆದುರಿಹೋದ ಮಂದೆಯನ್ನು ಕಿಲಾರಿ ಹೆಸರು ಹಿಡಿದು ಕರೆದು ಕೂಡಿಸುತ್ತಾನಲ್ಲ, ಹಾಗೆ. ಅಮೆರಿಕದ ರಾಯಲ್ ಐವಿ ತರಬೇತುದಾರನಾಗಿ ಬಂದ. 2023ರ ವಿಶ್ವಕಪ್‌ನಲ್ಲಿ ಚೀನಾವನ್ನು 89-69, ಅಂಗೋಲಾವನ್ನು 101-78 ಅಂತರದಲ್ಲಿ ಸೋಲಿಸಿ, ಆಫ್ರಿಕಾದ ತಂಡಗಳಲ್ಲೇ ಮುಂದಾಗಿ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದರು. ದೇಶಕ್ಕೆ ಆಗ ಹನ್ನೆರಡು ವರ್ಷ.

ಒಲಿಂಪಿಕ್ಸ್‌ಗೆ ಮುನ್ನ, 2024ರ ಜುಲೈ 20ರಂದು ಅಮೆರಿಕದ ಎದುರು ಒಂದು ಅಭ್ಯಾಸ ಪಂದ್ಯ. ಎಲ್ಲಿ? ಲಂಡನ್ನಿನಲ್ಲಿ! ಡೆಂಗ್ ಆಶ್ರಯ ಬೇಡಿ ಬಂದ ಊರಿನಲ್ಲಿ. ಒಂದು ಹಂತದಲ್ಲಿ ದಕ್ಷಿಣ ಸುಡಾನ್ 16 ಅಂಕ ಮುಂದಿತ್ತು. ಕೊನೆಗೆ ಎಂಟು ಸೆಕೆಂಡು ಉಳಿದಾಗ ಲೆಬ್ರಾನ್ ಜೇಮ್ಸ್ ಹಾಕಿದ ಬುಟ್ಟಿಯಿಂದ ಅಮೆರಿಕ 101-100ರಿಂದ ಉಳಿದುಕೊಂಡಿತು. ಹಿಂದೊಮ್ಮೆ ಶಾಲಾ ಹುಡುಗರ ಪಟ್ಟಿಯಲ್ಲಿ ಡೆಂಗ್‌ಗಿಂತ ಒಂದು ಸ್ಥಾನ ಮುಂದಿದ್ದ ಅದೇ ಲೆಬ್ರಾನ್. ಇಂಥ ಹೊಂದಿಕೆಯನ್ನು ಕಥೆಯಲ್ಲಿ ಬರೆದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಒಲಿಂಪಿಕ್ಸ್‌ನಲ್ಲಿ ಮತ್ತೆ ಅಮೆರಿಕದೆದುರು 103-86, ಸರ್ಬಿಯಾದೆದುರು 96-85 ಸೋತು ಮುಂದಿನ ಸುತ್ತಿಗೆ ಹೋಗಲಿಲ್ಲ.

ಮಲುವಾಚ್‌ನ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಅವನು ಡೆಂಗ್ ಓದಿದ ಡ್ಯೂಕ್ ವಿಶ್ವವಿದ್ಯಾಲಯಕ್ಕೇ ಸೇರಿದ. 2025ರ ಏಪ್ರಿಲ್ 5ರಂದು ಅವನ ತಂಡ ಕೊನೆಯ ನಾಲ್ಕರ ಘಟ್ಟದ ಪಂದ್ಯವಾಡಿದ ದಿನವೇ, ದಕ್ಷಿಣ ಸುಡಾನ್ ಪಾಸ್‌ಪೋರ್ಟ್ ಉಳ್ಳವರೆಲ್ಲರ ವೀಸಾ ರದ್ದು ಎಂದು ಅಮೆರಿಕ ಸರಕಾರ ಘೋಷಿಸಿತು. ಹದಿನೆಂಟರ ಹುಡುಗ ಚೆಂಡನ್ನು ನೋಡಬೇಕೋ, ಕಾಗದವನ್ನು ನೋಡಬೇಕೋ? ಜೂನ್ ತಿಂಗಳ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಆಯ್ಕೆಯಾಗಿ ಅವನು ಸೇರಿದ್ದು ಫೀನಿಕ್ಸ್ ತಂಡವನ್ನು.

ಈಗ, ಹಿಂದೆ ಹೇಳುತ್ತೇನೆಂದ ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ದೈಹಿಕ ಶಿಕ್ಷಣದ ಮೇಷ್ಟ್ರ ಕೈಯಲ್ಲಿ. ಜೇಮ್ಸ್ ನೈಸ್ಮಿತ್, 1891ರಲ್ಲಿ, ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಂಬಿಗೆ ಹೊಡೆದು. ಅವರಿದ್ದದ್ದು ವೈ.ಎಂ.ಸಿ.ಎ. ಶಾಲೆ. ಅದೇ ಸಂಸ್ಥೆಯ ಹ್ಯಾರಿ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಲ್ಲಿ ಕಲಿತು ಬಂದವರು ದಕ್ಷಿಣ ಭಾರತದ ಊರೂರಿಗೆ ಈ ಆಟವನ್ನು ಒಯ್ದರು. ನಾನು ಕೆಲಸ ಮಾಡಿದ ಒಂದು ಶಾಲೆಗೂ ಅಂಥ ಪಿ.ಟಿ. ಮೇಷ್ಟ್ರೊಬ್ಬರು ಬಂದಿದ್ದರು. ಎಣ್ಣೆ ಮಿಲ್ಲಿನವರನ್ನು ಕಾಡಿ ಬೇಡಿ ಎರಡು ಕಂಬ, ಎರಡು ಬೋರ್ಡು ನೆಡಿಸಿದರು. ಕೆಮ್ಮಣ್ಣಿನ ಅಂಕಣ. ಬೆಳಿಗ್ಗೆ ಆರಕ್ಕೆ ನೀರು ಚಿಮುಕಿಸಿ ಹುಡುಗರನ್ನು ಆಡಿಸುತ್ತಿದ್ದರು. ನಾನಾದರೋ ಎಸ್.ಎಸ್.ಎಲ್.ಸಿ. ಪೋರ್ಷನ್ ಮುಗಿದಿಲ್ಲವೆಂದು ಅವರ ಆಟದ ಪೀರಿಯಡ್ಡುಗಳನ್ನು ನುಂಗುತ್ತಿದ್ದೆ. ಅವರು ಒಂದು ದಿನವೂ ಇಲ್ಲವೆನ್ನಲಿಲ್ಲ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು.

ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹತ್ತನೆಯ ತರಗತಿಗೇ ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. 1990ರ ದಶಕದ ಆರಂಭ. ದಾವಣಗೆರೆ ಆಗಿನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಪಂದ್ಯಾವಳಿ. ಮೂರು ದಿನದ ರಜೆಗೆ ತರಗತಿ ಶಿಕ್ಷಕನಾದ ನನ್ನ ಸಹಿ ಬೇಕಿತ್ತು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದೆ ಎಂದು ನಾನು ಹಾಕಲಿಲ್ಲ. ಪಿ.ಟಿ. ಮೇಷ್ಟ್ರು ಎರಡು ಸಲ ಬಂದು ಕೇಳಿದರು. ಹುಡುಗ ಕೇಳಲಿಲ್ಲ, ಕಿಟಕಿಯಾಚೆ ನಿಂತಿದ್ದ. ಆ ವರ್ಷ ಅವನು ಪಾಸಾದ. ನನ್ನ ವಿಷಯದಲ್ಲಿ 51 ಅಂಕ.

ಪಿ.ಟಿ. ಮೇಷ್ಟ್ರು ಈಗಿಲ್ಲ. ಆ ಹುಡುಗನ ನಂಬರನ್ನು ಯಾರ್ಯಾರನ್ನೋ ವಿಚಾರಿಸಿ ಹಿಡಿದು, ಕಳೆದ ತಿಂಗಳು ಫೋನು ಮಾಡಿದೆ. ಈಗ ಅವನಿಗೆ ಹತ್ತಿರ ಹತ್ತಿರ ಐವತ್ತು. ಸ್ವಂತ ಲಾರಿ ಇಟ್ಟುಕೊಂಡಿದ್ದಾನೆ. ಹೆಸರು ಹೇಳಿದೊಡನೆ ಗುರುತು ಹಿಡಿದು ಸಂತೋಷಪಟ್ಟ. ನಾನು ಸುತ್ತಿಬಳಸಿ ಡೆಂಗ್‌ನ ಕಥೆಯನ್ನೆಲ್ಲ ಹೇಳಿ, ಕೊನೆಗೆ ಸಹಿಯ ವಿಷಯಕ್ಕೆ ಬಂದು, ಅಂದು ನಾನು ಮಾಡಿದ್ದು ತಪ್ಪಪ್ಪಾ ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಲಾರಿಯ ಇಂಜಿನ್ನಿನ ಸದ್ದು ಮಾತ್ರ ಕೇಳಿಸಿತು.

"ಅಯ್ಯೋ ಬಿಡಿ ಸಾರ್, ಅದೆಲ್ಲ ಯಾವ ಕಾಲದ್ದು" ಎಂದು ನಕ್ಕ. ಆಮೇಲೆ ಹೇಳಿದ: "ಆವತ್ತು ನಮ್ಮ ಟೀಮು ಎರಡು ಪಾಯಿಂಟಿಗೆ ಸೋತಿತು ಸಾರ್. ನಲವತ್ತಾರು, ನಲವತ್ನಾಲ್ಕು."